ಕೊರಿಯಾದ ಮಳೆ, ಮಾನ್ವಿಯ ಟವೆಲ್

ಸಿಟ್ಟಿಗೆ ಒಬ್ಬೊಬ್ಬರದು ಒಂದೊಂದು ಔಷಧ. ಕೆಲವರು ತಣ್ಣೀರು ಕುಡಿಯುತ್ತಾರೆ, ಕೆಲವರು ಶಿವಶಿವಾ ಅನ್ನುತ್ತಾರೆ, ನಮ್ಮ ಪಕ್ಕದ ಮನೆಯವರು ಸ್ಕೂಟರ್ ತೊಳೆಯುತ್ತಾರೆ. ಅವರ ಸ್ಕೂಟರ್ ಸದಾ ಫಳಫಳ ಹೊಳೆಯುತ್ತಿರುತ್ತದೆ. ಅವರ ಸಂಸಾರದ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ. ನನ್ನ ಔಷಧ ಒಂದು ಕೊರಿಯನ್ ಸೇಡಿನ ಸಿನಿಮಾ. ಅದರ ನಾಯಕ ಕಡಿಮೆ ಮಾತಿನವನು. ಅವನಿಗೆ ಅನ್ಯಾಯವಾಗುತ್ತದೆ, ಅವನು ಸುಮ್ಮನಿರುತ್ತಾನೆ. ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಕರಿ ಅಂಗಿ ತೊಟ್ಟು, ಸುರಿಯುವ ಮಳೆಯಲ್ಲಿ ನಡೆದುಹೋಗಿ, ನಗುನಗುತ್ತಾ ಕೂತಿರುವ ಖಳನ ಮುಂದೆ ನಿಲ್ಲುತ್ತಾನೆ. ನಾನು ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಹೆಸರಿಗೆ ಮ್ಯಾನೇಜರ್. ಮಾಡುವುದು ಲಾರಿಯವರ ಬೈಗುಳ ಕೇಳುವ ಕೆಲಸ. ಸುಮ್ಮನಿರುವುದರಲ್ಲಿ ಆ ನಾಯಕನಿಗೆ ನಾನೇನೂ ಕಡಿಮೆಯಿಲ್ಲ. ಆಮೇಲಿನ ಭಾಗ ಮಾತ್ರ ನನಗೆ ಇನ್ನೂ ಕೂಡಿಬಂದಿರಲಿಲ್ಲ.

ಆ ಸಿನಿಮಾದ ತುಂಬ ಮಳೆಯೇ ಮಳೆ. ಹೊರಗೆ ನಮ್ಮೂರಿನ ಬಿಸಿಲು ಕಾದ ಹಂಚಾಗಿರುವಾಗ ಟಿವಿಯಿಂದ ಧೋ ಎಂದು ಸದ್ದು ಬಂದರೆ ಸಾಕು, ಹೆಂಡತಿ ಮಹಾದೇವಿ ಅಡುಗೆಮನೆಯಿಂದಲೇ ಕೇಳುತ್ತಾಳೆ: "ಇವತ್ತು ಯಾರ್ರೀ?" ನಾನು ಮಾಲೀಕನ ಹೆಸರನ್ನೋ ಲಾರಿ ಡ್ರೈವರನ ಹೆಸರನ್ನೋ ಹೇಳುತ್ತೇನೆ. ಅವಳು ಒಗ್ಗರಣೆ ಹಾಕುತ್ತಾಳೆ. ಅಲ್ಲಿಗೆ ಆ ದಿನದ ನ್ಯಾಯಪಂಚಾಯ್ತಿ ಮುಗಿಯುತ್ತದೆ.

ಆದರೆ ಹೋದ ವರ್ಷ ಆದ ಅವಮಾನ ಈ ಔಷಧಕ್ಕೆ ಬಗ್ಗಲಿಲ್ಲ. ಮಹಾದೇವಿಯ ತಮ್ಮ ಅಮರೇಶನ ಮದುವೆ ಮಾನ್ವಿಯಲ್ಲಿ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಅಂತ ಇರುತ್ತದೆ; ಮನೆಯ ಅಳಿಯಂದಿರನ್ನು ಮೈಕಿನಲ್ಲಿ ಕರೆದು ಟವೆಲ್ ಹೊದಿಸಿ ಕಾಯಿ ಕೊಡುವ ಮರ್ಯಾದೆ. ಹಿರಿಯ ಅಳಿಯನಿಗೆ ಮೊದಲ ಟವೆಲ್. ಹಿರಿಯ ಅಳಿಯ ನಾನೇ. ಮೈಕು ಗೊರಗೊರ ಅಂದದ್ದೇ ತಡ, ಕೂದಲು ನೇವರಿಸಿಕೊಂಡು ಎದ್ದು ಅರ್ಧ ದಾರಿ ನಡೆದಿದ್ದೆ. "ದೇವದುರ್ಗದ ಅಳಿಯಂದಿರು ವೀರೇಶಪ್ಪನವರು ಬರಬೇಕು!" ಎಂದು ಕೂಗಿದರು. ವೀರೇಶ ನನ್ನ ಷಡ್ಡಕ, ನಾದಿನಿಯ ಗಂಡ, ನನಗಿಂತ ಕಿರಿಯ. ಚಪ್ಪರದ ನಟ್ಟನಡುವೆ ನಿಂತ ನಾನು ನೀರು ಕುಡಿಯಲೆಂದೇ ಎದ್ದವನಂತೆ ಕೊಡದ ಕಡೆ ತಿರುಗಿದೆ. ಬಾಯಾರಿಕೆ ಇಲ್ಲದ ಮನುಷ್ಯ ನೀರು ಕುಡಿಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ನನ್ನ ಟವೆಲ್ ಆಮೇಲೆ ಬಂತು ಅನ್ನಿ. ಎರಡನೆಯ ಟವೆಲ್ಲಿನಿಂದ ಮುಖ ಒರೆಸಬಹುದು, ಅವಮಾನ ಒರೆಸಲು ಬರುವುದಿಲ್ಲ.

ಈ ಬೇಸಿಗೆ ಅಮರೇಶ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಮನಿಶಾಂತಿಗೆ ಕರೆಯಲು ಸ್ವತಃ ಬಂದು, ನನ್ನ ಅವ್ವನ ಕಾಲಿಗೆ ಬಿದ್ದು ಹೋದ. ಅವನು ಬಾಗಿಲು ದಾಟಿದ ಕೂಡಲೇ ನಾನು ಸಿನಿಮಾ ಹಚ್ಚಿದೆ. ಮಹಾದೇವಿ ಬೆಳ್ಳುಳ್ಳಿ ಬುಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ನಾವು ಹೋಗೋದಿಲ್ಲ" ಅಂದೆ, ನಾಯಕನ ದನಿಯಲ್ಲಿ.

"ನೀವು ಬರ್ರಿ, ಬಿಡ್ರಿ. ಮನಿ ಹಿರಿ ಮಗಳು ಅಂತ ತುಂಬಿದ ಕೊಡ ಹೊತ್ತು ಮೊದ್ಲು ಒಳಗ ಹೋಗಾಕಿ ನಾನು. ನಾನಂತೂ ಹೋಗಾಕೀನೇ" ಎಂದಳು. ಕಣ್ಣು ತುಂಬಿದ್ದವು. ಬೆಳ್ಳುಳ್ಳಿ ಅಂದುಕೊಳ್ಳೋಣ ಎಂದರೆ ಅವಳಿನ್ನೂ ಒಂದನ್ನೂ ಸುಲಿದಿರಲಿಲ್ಲ.

ಅವ್ವ ಅರಕೇರಾದ ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳಿಗೆ ಕೊರಿಯನ್ನೂ ಬಾರದು, ಕೆಳಗೆ ಓಡುವ ಇಂಗ್ಲಿಷೂ ಬಾರದು. ನಾನು ಹೇಳುತ್ತಾ ಹೋಗಬೇಕು. ನಾಯಕ ಚಾಕು ಎತ್ತಿದರೆ, "ಇವಗ ಕುರಿ ಕೊಯ್ಯಾಕ ಬರಂಗಿಲ್ಲ ಬಿಡು" ಅನ್ನುತ್ತಾಳೆ. ಅವತ್ತು ಹೇಳಿದಳು: "ಯಪ್ಪಾ, ಆ ನಗೋ ಮನುಷ್ಯಾ ಮೊದ್ಲೇ ಕರದು 'ತಪ್ಪಾತಪಾ' ಅಂದಿದ್ರ ಇಷ್ಟು ಮಳ್ಯಾಗ ತೋಯಿಸ್ಕೊಳ್ಳೋದು ತಪ್ತಿತ್ತಲ್ಲೋ." ಹಾಗೆ ಅಂದುಬಿಟ್ಟರೆ ಸಿನಿಮಾ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಹೇಗೆ ತಿಳಿಸುವುದು? ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಪಕ್ಕದ ಶಕ್ತಿನಗರದಲ್ಲಿ ಊರೂರಿಗೆ ಕಳಿಸುವಷ್ಟು ಕರೆಂಟು ತಯಾರಾಗುತ್ತದೆ. ನಮ್ಮ ಓಣಿಯಲ್ಲಿ ಮಾತ್ರ ಕ್ಲೈಮ್ಯಾಕ್ಸಿಗೆ ಸರಿಯಾಗಿ ಹೋಗುತ್ತದೆ. ಅವ್ವ ಇಂದಿಗೂ ಆ ಸಿನಿಮಾದ ಕೊನೆ ನೋಡಿಲ್ಲ.

ಫ್ಯಾನು ನಿಂತ ಸೆಕೆಯಲ್ಲಿ ನನಗೊಂದು ಯುಕ್ತಿ ಹೊಳೆಯಿತು. ಹೋಗದೆ ಇದ್ದರೆ ಅದೆಂಥ ಸೇಡು? ನಾಯಕ ಖಳನ ಮನೆಗೇ ನಡೆದುಹೋಗುತ್ತಾನಲ್ಲವೇ? ನಾನೂ ಹೋಗುತ್ತೇನೆ. ನಗುವುದಿಲ್ಲ, ಉಣ್ಣುವುದಿಲ್ಲ. ಮೈಕಿನಲ್ಲಿ ಕರೆದಾಗ ಎಲ್ಲರೆದುರು ನಿಂತು "ನಿಮ್ಮ ಟವೆಲ್ ಬ್ಯಾಡ" ಎಂದು ಹೇಳಿ ಹೊರಟುಬರುತ್ತೇನೆ.

ಹೊರಡುವ ದಿನ ಕರಿ ಅಂಗಿ ತೆಗೆದೆ. ಅವ್ವ ಎದೆ ಹಿಡಿದುಕೊಂಡಳು. "ಮನಿಶಾಂತಿಗೆ ಕರೀದು ಹಾಕ್ಕೊಂಡು ಹೋಗ್ತಾರೇನೋ, ಮೂರೂ ಬಿಟ್ಟಾವನ!" ಮಹಾದೇವಿ ಬಿಳಿ ಅಂಗಿ ಇಸ್ತ್ರಿ ಮಾಡಿ ಕೈಗಿಟ್ಟು, "ಅಲ್ಲಿ ಏನರ ಸಿನಿಮಾ ಮಾಡಿದ್ರಿ ಅಂದ್ರ ನಾನು ತವರುಮನಿ ಕಳ್ಕೊಂತೀನಿ, ತಿಳ್ಕೊರ್ರಿ" ಎಂದಳು. ಹೀಗೆ ನಾನು ಬಿಳಿ ಅಂಗಿಯಲ್ಲಿ, ಮಾನ್ವಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಬಿಸಿಲಿನ ಸೀಟಿನಲ್ಲಿ ಸೇಡಿಗೆ ಹೊರಟೆ.

ಹೊಸ ಮನೆಯ ಬಾಗಿಲಲ್ಲಿ ನಿಂತು ಅಮರೇಶನನ್ನು ದಿಟ್ಟಿಸಿದೆ. ಕಣ್ಣು ಮಿಟುಕಿಸದೆ, ದವಡೆ ಬಿಗಿದು, ಅಭ್ಯಾಸ ಮಾಡಿದ ನೋಟ. ಅವನು ಗಾಬರಿಯಾದ. "ಮಾವಾರ, ಆರಾಮ ಇಲ್ಲೇನ್ರಿ? ಲೇ, ಮಜ್ಜಿಗಿ ತರ್ರಲೇ! ಮಾವಾರಿಗೆ ಬಿಸಿಲು ಬಡದದ!" ನನ್ನನ್ನು ಹಿಡಿದು ಒಯ್ದು ಕೂಲರಿನ ಎದುರು ಕೂಡಿಸಿದರು. ಒಬ್ಬರು ನೆತ್ತಿಗೆ ನೀರು ತಟ್ಟಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಅಂಗಾಲು ತಿಕ್ಕಿಸಿಕೊಳ್ಳುತ್ತಾ ಭಯಂಕರವಾಗಿ ನೋಡುವುದು ಯಾವ ನಟನಿಗೂ ಸಾಧ್ಯವಿಲ್ಲ. ಮಜ್ಜಿಗೆ ಕುಡಿದೆ. ಉಪ್ಪು ಹದವಾಗಿತ್ತು.

ಮೈಕು ಗೊರಗೊರ ಅಂದಿತು. ನಾನು ಏಳಲಿಲ್ಲ, ಬುದ್ಧಿ ಬಂದಿತ್ತು. "ಹಿರಿ ಅಳಿಯಂದಿರು, ರಾಯಚೂರಿನವರು, ಮೊದ್ಲು ಬರಬೇಕು!" ಎಂದಿತು ಮೈಕು.

ಎದ್ದು ನಡೆದೆ. ಅಮರೇಶ ಜರಿ ಅಂಚಿನ ಟವೆಲ್ ಬಿಡಿಸಿ ನಿಂತಿದ್ದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಗ ಅವನ ಹಿಂದೆ ಮಹಾದೇವಿ ಕಂಡಳು. ಹೊತ್ತ ಕೊಡದ ನೀರು ಚೆಲ್ಲಿ ಸೆರಗೆಲ್ಲ ತೋಯ್ದಿತ್ತು. ಸಿನಿಮಾ ನೋಡಿದವಳಲ್ಲವೇ, ನನ್ನ ದವಡೆ ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತು. ಅವಳು ಹೆದರಿದ್ದಳು. ಮಿಲ್ಲಿನ ಹಮಾಲರಿಂದ ಹಿಡಿದು ಓಣಿಯ ನಾಯಿಗಳವರೆಗೆ ಈ ಜನ್ಮದಲ್ಲಿ ಯಾರೂ ನನಗೆ ಹೆದರಿದ್ದಿಲ್ಲ. ಮೊದಲ ಸಲ ಹೆದರಿದವಳು ಅವಳು, ಅದೂ ತನ್ನ ತವರಿನಲ್ಲಿ. ನನಗದು ಸ್ವಲ್ಪವೂ ಹಿಡಿಸಲಿಲ್ಲ, ನಾಚಿಕೆಯಾಯಿತು. ತಲೆ ಬಾಗಿಸಿದೆ. ಟವೆಲ್ ಹೆಗಲ ಮೇಲೆ ಬಿತ್ತು. ಅವಳು ಉಸಿರು ಬಿಟ್ಟದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಆಮೇಲೆ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡೆ. ಸುಳ್ಳೇಕೆ, ವೀರೇಶ ಎರಡನೆಯವನಾಗಿ ಟವೆಲ್ ಹೊದೆಯುವಾಗ ನಾನು ಅವನನ್ನು ನೋಡಿ ಕೊಂಚ ನಕ್ಕೆ ಕೂಡ.

ಊರಿಗೆ ಬಂದ ಮೇಲೆ ಸಿನಿಮಾ ಹಚ್ಚುವ ಪ್ರಸಂಗವೇ ಬರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಮಹಾದೇವಿ ದೇವದುರ್ಗದ ತಂಗಿಗೆ ಫೋನು ಮಾಡಿದಳು. ನಾನು ಜರಿ ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಫೋನಿನೊಳಗೆ ಧೋ ಎಂಬ ಸದ್ದು.

"ಏನಬೇ, ನಿಮ್ಮೂರಾಗ ಮಳಿ ಬರಾಕತ್ತದೇನು?"

"ಎಲ್ಲಿ ಮಳಿ ಅಕ್ಕಾ, ಬಿಸಿಲು ಸುಡಾಕತ್ತದ. ಮಾವಾರು ಹೇಳ್ತಿದ್ರಲ್ಲ, ಆ ಸಿನಿಮಾ ಹಚ್ಕೊಂಡು ಕುಂತಾರ ನಮ್ಮೋರು. ಮಾನ್ವಿಯಿಂದ ಬಂದಾಗಿಂದ ಮಾತಿಲ್ಲ, ಕತಿಯಿಲ್ಲ. ಇವತ್ತಿಗೆ ಮೂರ್ನೇ ಸಲ ನೋಡಾಕತ್ತಾರ."

ಮಹಾದೇವಿ ಫೋನು ಇಟ್ಟು ನನ್ನ ಕಡೆ ನೋಡಿದಳು. "ಇವತ್ತು ಯಾರ್ರೀ?" ಎಂದು ಕೇಳುವ ಅಗತ್ಯ ಅವಳಿಗಿರಲಿಲ್ಲ.

ಬರುವ ತಿಂಗಳು ದೇವದುರ್ಗದಲ್ಲಿ ವೀರೇಶನ ಮಗನ ಜವಳ, ಮೊದಲ ಸಲ ಕೂದಲು ತೆಗೆಸುವ ಕಾರ್ಯ. ಮನೆ ಅವನದು, ಟವೆಲ್ಲು ಅವನವು, ಮೈಕೂ ಅವನ ಕೈಯಲ್ಲೇ. ಆ ಸಿನಿಮಾದಲ್ಲಿ ನಗುನಗುತ್ತಾ ಕೂತವನ ಗತಿ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ದೇವದುರ್ಗದಲ್ಲೂ ಕ್ಲೈಮ್ಯಾಕ್ಸಿಗೆ ಮೊದಲೇ ಕರೆಂಟು ಹೋಗಲಿ ಎಂದು ದಿನಾ ಕೈಮುಗಿಯುತ್ತಿದ್ದೇನೆ.