ಬೇವಿನ ಮರದಡಿಯ ಹೀಟರು

ಗದಗಿನ ನಮ್ಮ ಮನೆಯಲ್ಲಿ ಯಾವ ಸಣ್ಣ ಕೆಲಸವೂ ಹತ್ತು ಮಂದಿಯನ್ನು ನಗಿಸದೆ ಮುಗಿದದ್ದಿಲ್ಲ. ಈಗಲೂ ಹಾಗೇ. ಮಾವನವರು ಇಲ್ಲ, ಅವರ ಗೆಳೆಯರೂ ಬಹಳ ಉಳಿದಿಲ್ಲ. ಆದರೂ ಚಳಿ ಬಿದ್ದಾಗಲೆಲ್ಲ ಆ ಹೀಟರು ನೆನಪಾಗುತ್ತದೆ.

ಎದೆಯಲ್ಲಿ ಕಫ ಕಟ್ಟಿ ಮಲಗೆದ್ದ ಮಾವನವರಿಗೆ ಡಾಕ್ಟರು, ಚಳಿಗಾಳಿಗೆ ಕೂಡಬೇಡಿ ಎಂದಿದ್ದರು. ಸಂಜೆ ಹಿತ್ತಲ ಬೇವಿನ ಮರದಡಿ ಗೆಳೆಯರ ಜೊತೆ ಕೂಡದಿದ್ದರೆ ಅವರಿಗೆ ಉಂಡದ್ದು ಕರಗದು. "ಹೊರಗ ಕುಂಡ್ರಾಕ ಬಿಡಲಿಲ್ಲಂದ್ರ ನಾ ಗುಳಗಿ ನುಂಗಂಗಿಲ್ಲ," ಎಂದು ಹಟ ಹಿಡಿದರು. ಹಿತ್ತಲಿಗೇ ಹೀಟರು ತಂದೆವು.

ಹೊಸ ಹಗ್ಗ

ನಮ್ಮವರು ಅಡುಗೆಮನೆಯ ಪ್ಲಗ್ಗಿನಿಂದ ಕಿಟಕಿಯ ಮೂಲಕ ವೈರು ಎಳೆದು, ಎರಡು ಮರಗಳಿಗೆ ಬಿಗಿದು ಕಟ್ಟಿದರು. ಬಿ.ಎಸ್ಸಿ. ಓದಿದ ನಾನು "ಇದು ಸರಿಯಲ್ಲ" ಎನ್ನುತ್ತ ಹೊರಗೆ ಬರುವಷ್ಟರಲ್ಲಿ ಅತ್ತೆಯವರು ಅದರ ಮೇಲೆ ಹಸಿ ಸೀರೆ ಹರವುತ್ತಿದ್ದರು. ಪುಣ್ಯಕ್ಕೆ ಸ್ವಿಚ್ಚು ಇನ್ನೂ ಹಾಕಿರಲಿಲ್ಲ.

"ಅತ್ತಿಯವ್ರ, ಬಿಡ್ರಿ! ಅದು ಕರೆಂಟಿನ ವೈರ್!"

"ಅಯ್ಯ, ಹಂಗೇನ? ನಿನ್ನ ಗಂಡಗ ಈಗರೆ ನನಗೊಂದು ಹಗ್ಗ ಕಟ್ಟಿಕೊಡೂ ಬುದ್ಧಿ ಬಂತು ಅನ್ಕೊಂಡಿದ್ದೆ!"

ಉಪ್ಪು, ಇದ್ದಿಲು

ಬೆಟಗೇರಿಯಿಂದ ಎಲೆಕ್ಟ್ರಿಶಿಯನ್ನನ್ನು ಕರೆಸಿದೆ. ಪೈಪು ಹೂಳಿ ಅದರೊಳಗೆ ದಪ್ಪ ಕೇಬಲ್ ಎಳೆದ. ನೀರು ಇಳಿಯದಂಥ ಮುಚ್ಚಳದ ಪ್ಲಗ್ಗು, ಕರೆಂಟು ಸೋರಿದರೆ ತಾನೇ ಬಂದಾಗುವ ಸ್ವಿಚ್ಚು ಕೂರಿಸಿದ. ಅರ್ಥಿಂಗಿಗೆಂದು ಕಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಉಪ್ಪು, ಇದ್ದಿಲು ತುಂಬಿ ಮುಚ್ಚಿದ. ಪಕ್ಕದ ಮನೆಯ ಹಿರಿಯ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಗೋಡೆಯಾಚೆಯಿಂದ ಎಲ್ಲ ನೋಡಿದರು.

ಮರುದಿನ ಗೋಡೆಯ ಮೇಲೆ ಕುಂಕುಮ ಹಚ್ಚಿದ ಲಿಂಬೆಹಣ್ಣು!

"ನಮಗ ಮಾಟ ಮಾಡ್ಯಾರ!" ಎಂದು ಅತ್ತೆಯವರು.

"ಮೊದಲ ಮಾಡಿದವ್ರು ನೀವ!" ಎಂದು ಗೋಡೆಯಾಚೆಯಿಂದ ಕಾಕು.

ನಾನು ನಡುವೆ ನಿಂತು ತಿಳಿಸಿದೆ: "ಕಾಕು, ಎಲ್ಲೆರೆ ವೈರ್ ಕೆಟ್ಟು ಹೀಟರಿನ ಮೈಗೆ ಕರೆಂಟ್ ಬಂದ್ರ, ಅದನ್ನ ಮಣ್ಣಿಗೆ ಇಳಸಾಕ ಈ ಗುಂಡಿ. ಜೀವಾ ಉಳಸೂದು ಇದು."

ಕಾಕು ಗೋಡೆಯ ಮೇಲಿನ ಲಿಂಬೆಹಣ್ಣು ಎತ್ತಿಕೊಂಡರು. "ಹಂಗಾದ್ರ ಅಂಥಾ ಮಾಟ ನಮ್ಮನಿಗೂ ಒಂದು ಮಾಡಸವಾ."

ಬೀಗರು

ಹೀಟರು ಕೆಂಪಗೆ ಕಾಯಿತು. ಗೆಳೆಯರೆಲ್ಲ ಬಂದರು; ಒಬ್ಬರಂತೂ ಮುಳಗುಂದದಿಂದ ಬಸ್ಸು ಹಿಡಿದು ಬಂದರು. ಚಹಾ ಒಯ್ದು ನೋಡಿದರೆ ಹೀಟರಿನ ಸುತ್ತ ಗೆಳೆಯರು. ಮಾವನವರು ಎಲ್ಲರಿಗಿಂತ ದೂರ, ನಡುಗುತ್ತ ಕೂತಿದ್ದಾರೆ.

"ಮಾವನವ್ರ, ಹೀಟರ್ ತಂದದ್ದು ನಿಮಗರಿ!"

"ಮನಿಗೆ ಬಂದವರನ್ನ ಚಳ್ಯಾಗ ಕುಂಡ್ರಿಸಿ, ಮನಿಯಾಂವ ಮೈ ಕಾಸ್ಕೋತ ಕುಂಡ್ರೂದೇನವಾ?"

ಗೆಳೆಯರು ಕರೆದರೂ ಕುರ್ಚಿ ಸರಿಸಲಿಲ್ಲ. ಮರುದಿನವೂ ಅಷ್ಟೇ. ಕೆಮ್ಮು ಮತ್ತೆ ಹತ್ತಿತು. "ನಾಳಿಂದ ಹಿತ್ತಲ ಬಂದ್," ಎಂದುಬಿಟ್ಟರು ನಮ್ಮವರು. ಮಾವನವರ ಮುಖ ಸಣ್ಣದಾಯಿತು.

ಮಾರನೆಯ ಸಂಜೆ ಗೆಳೆಯರು ಎಂದಿನಂತೆ ಬಂದು ಹೀಟರಿನ ಸುತ್ತ ಕೂತರು. ಅತ್ತೆಯವರು ಒಂದು ತಂಬಿಗೆ ನೀರು ತಂದು, ಹಿತ್ತಲ ಬಾಗಿಲಲ್ಲೇ ನಿಂತಿದ್ದ ಮಾವನವರ ಮುಂದೆ ಇಟ್ಟರು. "ಬರ್ರಿ ಬೀಗರ, ಕಾಲಿಗೆ ನೀರು ತಗೋರಿ. ಇವತ್ತಿಂದ ಈ ಹಿತ್ತಲಕ್ಕ ಯಜಮಾನ್ತಿ ನಾನು. ನೀವು ಬಂದವ್ರು. ಹೀಟರ್ ಮುಂದ ಕುಂಡ್ರಿ."

ಗೆಳೆಯರು ನಗುತ್ತ ಎದ್ದು ಜಾಗ ಬಿಟ್ಟರು. ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ; ಬೀಗರಾದ ಮೇಲೆ ಬೇಡ ಎನ್ನುವಂತಿಲ್ಲ. ಮಾವನವರು ಕೂತರು, ಅಂಗೈ ಕಾಸಿಕೊಂಡರು, ಶಾಲು ಸಡಿಲಿಸಿದರು. ಆಮೇಲೆ ಅತ್ತೆಯವರ ಕಡೆ ತಿರುಗಿ ಬಹಳ ಗಂಭೀರವಾಗಿ ಕೇಳಿದರು:

"ಏನ್ರೀ ಯಜಮಾನ್ತಿಯವ್ರ, ಬೀಗರು ಬಂದು ಇಷ್ಟೊತ್ತಾತು, ಮಿರ್ಚಿ ಭಜಿ ಇನ್ನೂ ಬರಲಿಲ್ಲ?"