ನಿಂತ ನೀರಿನ ಪರೀಕ್ಷೆ

ಊರೂರು ತಿರುಗುವವರ ಬೆನ್ನಿಗೆ ನಗೆಪಾಟಲೂ ಟಿಕೆಟ್ ಇಲ್ಲದೆ ಬಸ್ಸು ಹತ್ತುತ್ತದೆ. ನಾಲ್ಕು ದೇಶ ಸುತ್ತಿದವಳು ಚಿಕ್ಕೋಡಿ ಕಡೆಯ ಒಂದು ಕಾಲೇಜಿಗೆ ಕೆಲವು ತಿಂಗಳ ಕೆಲಸಕ್ಕೆ ಬಂದಾಗ, ಇಲ್ಲಿಯಾದರೂ ಅದು ನನ್ನ ಪಾಡಿಗೆ ನನ್ನನ್ನು ಬಿಡುತ್ತದೆ ಅಂದುಕೊಂಡಿದ್ದೆ. ಬಿಡಲಿಲ್ಲ.

೧. ಅತ್ತೆಯ ಪಗಾರ

ಕರೋಶಿ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಕೇಳಿದಳು: "ಏನ್ ನೌಕರಿ ಮಾಡ್ತೀರಿ ಬಾಯಾರ?"

"ಗಾಜಿನ ತೊಟ್ಟಿಯೊಳಗ ನೀರು ಎತ್ತ ಹರೀತತಿ ಅಂತ ನಾಕು ಕ್ಯಾಮೆರಾ ನೋಡ್ತಾವ, ನಾ ಬರದ ಒಂದು ಪ್ರೋಗ್ರಾಮ್ ಅಳದು ಹೇಳತತಿ. ಅದು ಖರೇ ಹೇಳತತೋ ಇಲ್ಲೋ ನೋಡೂದು ನನ್ನ ಕೆಲಸ."

"ಹೆಂಗ ನೋಡ್ತೀರಿ?"

"ಕಂಪ್ಯೂಟರಿನಾಗ ಸುಳ್ಳು ನೀರು ಮಾಡ್ತೀನಿ. ಅದರಾಗ ಚುಕ್ಕಿ ತೇಲಿಬಿಟ್ಟು, ಎಷ್ಟು ಜೋರ ಹರೀಬೇಕು ಅಂತ ನಾನ ಠರಾಯಿಸ್ತೀನಿ. ನಾಕೂ ಕ್ಯಾಮೆರಾಕ್ಕ ಹೆಂಗ ಕಂಡೀತು ಅಂತ ಮೊದಲೊಂದು, ಆಮ್ಯಾಲೊಂದು, ಎರಡು ಚಿತ್ರ ಮಾಡಿ, ಪ್ರೋಗ್ರಾಮಿಗೆ ಕೊಟ್ಟು, 'ಎಷ್ಟು ಜೋರ ಐತಿ?' ಅಂತ ಕೇಳ್ತೀನಿ."

"ಅಂದ್ರ ಉತ್ತರ ನಿಮಗ ಮೊದಲ ಗೊತ್ತಿರತತಿ?"

"ಹೌದು."

ಆಕೆ ನಿಟ್ಟುಸಿರು ಬಿಟ್ಟಳು. "ನಮ್ಮತ್ತಿನೂ ಹಂಗ ರೀ. ಮಗಾ ಎಲ್ಲಿ ಹೋಗ್ಯಾನ ಅಂತ ಆಕಿಗೆ ಪಕ್ಕಾ ಗೊತ್ತಿರತತಿ. ಆದರೂ ನನ್ನ ಕೇಳ್ತಾಳ, ನಾ ಖರೇ ಹೇಳ್ತೀನೋ ಇಲ್ಲೋ ನೋಡಾಕ. ಇಷ್ಟ ವರ್ಷ ಆತು, ಆಕಿಗೆ ಯಾರೂ ಪಗಾರ ಕೊಟ್ಟಿಲ್ಲ ನೋಡ್ರಿ ಪಾಪ!"

೨. ಸಸಾರ ಸುಳ್ಳು

ವಿಭಾಗದ ಮುಖ್ಯಸ್ಥರಿಗೆ ನನ್ನ ಮೊದಲ ಚಿತ್ರ ತೋರಿಸಿದೆ. "ಇಷ್ಟ ಏನ್ರಿ? ಕರೀ ಕಂಬಳಿ ಮ್ಯಾಲ ರವಾ ಚೆಲ್ಲಿದಂಗ ಐತಿ," ಅಂದರು. ಸುಳಿ ಸುತ್ತುವ ನೀರು ಕೊಟ್ಟಿದ್ದೆ. ಪ್ರೋಗ್ರಾಮ್ ತಪ್ಪು ಉತ್ತರ ಹೇಳಿತು.

"ಹೆಂಗೂ ಸುಳ್ಳ ನೀರು. ಇಷ್ಟು ತಿರುವು ಯಾಕ? ಸಸಾರ, ಸರಳ ಸುಳ್ಳು ಹೇಳ್ರಲ್ಲ!"

"ಎಲ್ಲಾಕಿಂತ ಸಸಾರ ಅಂದ್ರ ನಿಂತ ನೀರು ಸರ್. ಎರಡೂ ಚಿತ್ರದಾಗ ಚುಕ್ಕಿ ಇದ್ದಲ್ಲೇ ಇರತಾವ. ಉತ್ತರ ಸೊನ್ನೆ."

"ಅದೊಂದು ಸೊನ್ನೆ ತೋರಸ್ರಿ. ಕೆಲಸ ಮುಗೀತು ಅಂತ ಸಹಿ ಮಾಡಿ ನಿಮ್ಮನ್ನ ಬಿಟ್ಟಬಿಡತೀನಿ."

ನನ್ನ ಕಾಲು ಆಗಲೇ ವಿಮಾನ ನಿಲ್ದಾಣದಲ್ಲಿತ್ತು. ಬೇರೆ ದೇಶದಲ್ಲಿ ಕೆಲಸ ಕಾಯುತ್ತಿತ್ತು; ಆ ಸಹಿ ಇಲ್ಲದೆ ಹೋಗುವಂತಿರಲಿಲ್ಲ. ಅವಸರದಿಂದ ನಿಂತ ನೀರು ಕೊಟ್ಟೆ. ಪ್ರೋಗ್ರಾಮ್ ಗಂಭೀರವಾಗಿ ಹೇಳಿತು: ನೀರು ಎಡಕ್ಕೆ ಹರಿಯುತ್ತಿದೆ.

ಮುಖ್ಯಸ್ಥರು ಕನ್ನಡಕ ತೆಗೆದರು. "ನಿಂತ ಕೆಲಸಾ 'ನಡದೈತಿ' ಅಂತ ವರದಿ ಕೊಡಾಕ ನಮ್ಮ ಬಿಲ್ಡಿಂಗ್ ಕಾಂಟ್ರ್ಯಾಕ್ಟರ್ ಅದಾನಲ್ರೀ. ಅದಕ್ಕ ನಾಕು ಕ್ಯಾಮೆರಾ ಯಾಕ ಬೇಕಿತ್ತು?"

೩. ಸುಸ್ತಾದ ಚಪ್ಪಲಿ

ದಿನವೂ ಪರೀಕ್ಷೆ, ದಿನವೂ ಎಡಕ್ಕೆ. ತಲೆ ಕೆಟ್ಟು ಶನಿವಾರ ಅಥಣಿಗೆ, ಭಾನುವಾರ ಕಾಗವಾಡಕ್ಕೆ, ಅಲ್ಲಿಂದ ಮಹಾರಾಷ್ಟ್ರದ ಗಡಿ ದಾಟಿ ಒಂದು ಚಹಾ ಕುಡಿದು ವಾಪಸ್. ಒಮ್ಮೆ ರಾಯಬಾಗಕ್ಕೂ ಹೋದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಮನೆಯಲ್ಲಿದ್ದಾಗ ಅಂಗಳದಲ್ಲಿ ಶತಪಥ.

ಮನೆ ಬಾಡಿಗೆಗೆ ಕೊಟ್ಟ ಖಾಲಾ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು: "ಅರೇ ಬೇಟಿ, ಏನ್ ತ್ರಾಸು?"

"ನಿಂತಿರೋ ನೀರು ಹರೀತತಿ ಅಂತತಿ ಖಾಲಾ ನನ್ನ ಪ್ರೋಗ್ರಾಮು."

"ಅದನ್ನ ಹಡದಾಕಿ ಯಾರು? ನೀ ಹೌದಿಲ್ಲೋ? ಮತ್ತ ಅದಕ್ಕ ನಿಲ್ಲೂದು ಅಂದ್ರ ಏನಂತ ಹೆಂಗ ಗೊತ್ತಾಗಬೇಕು?" ಮೂಲೆಯಲ್ಲಿದ್ದ ನನ್ನ ಹೊಸ ಅಥಣಿ ಚಪ್ಪಲಿ ನೋಡಿದರು. "ಮೊನ್ನೆ ತಂದದ್ದು. ಈಗ ನೋಡ, ನನಗಿಂತ ಮುಪ್ಪ ಆಗೇತಿ."

೪. ನಾಕು ಕಣ್ಣು

ಸುಳ್ಳು ನೀರಾದರೂ ನೋಡುವ ಕಣ್ಣು ಖರೇವಿರಲಿ ಅಂತ ಒಂದು ಜಾಣತನ ಮಾಡಿದ್ದೆ. ಪ್ರತಿ ಚಿತ್ರ ಕಟ್ಟುವ ಮುನ್ನ, ತೊಟ್ಟಿಯ ಸುತ್ತಲಿನ ನಿಜವಾದ ಕ್ಯಾಮೆರಾಗಳು ಎಲ್ಲಿ, ಯಾವ ಕಡೆ ಮುಖ ಮಾಡಿವೆ ಅಂತ ಕಂಪ್ಯೂಟರ್ ತಾನೇ ಅಳೆದುಕೊಳ್ಳುತ್ತಿತ್ತು. ಮೊದಲ ಚಿತ್ರ ಊಟಕ್ಕೆ ಮುಂಚೆ, ಎರಡನೆಯದು ಊಟದ ನಂತರ.

ಒಂದು ದಿನ ನನಗೆ ಊಟ ಸೇರಲಿಲ್ಲ. ಅರ್ಧಕ್ಕೇ ಎದ್ದು ಲ್ಯಾಬಿಗೆ ಬಂದೆ. ಕಸ ಹೊಡೆಯುವ ಮಾವಶಿ ಫ್ಯಾನಿನ ಕೆಳಗೆ ರೊಟ್ಟಿ ಬಿಚ್ಚಿ ಕೂತಿದ್ದಳು. ನಾಲ್ಕೂ ಕ್ಯಾಮೆರಾ ಗೋಡೆಗೆ ಮುಖ ಮಾಡಿ ನಿಂತಿದ್ದವು.

"ಮಾವಶೀ! ಇವನ್ನ ಯಾರು ತಿರುಗಿಸಿದ್ರು?"

"ನಾನ ರೀ. ನಾಕು ಕಣ್ಣು ಪಿಳಿಪಿಳಿ ನೋಡಾಕತ್ರ ತುತ್ತು ಹೆಂಗ ಇಳೀತತಿ? ದೃಷ್ಟಿ ಆಗತತಿ. ಉಂಡ ಮ್ಯಾಲ ಇದ್ದಂಗ ತಿರುವಿ ಇಡತೀನಿ ತಗೋರಿ, ದಿನಾ."

ಇದ್ದಂಗ! ಕ್ಯಾಮೆರಾ ಕೂದಲೆಳೆಯಷ್ಟು ಓರೆ ಉಳಿದರೂ ಎರಡನೇ ಚಿತ್ರದಲ್ಲಿ ಚುಕ್ಕಿ ಸರಿದಂತೆ ಕಾಣುತ್ತದೆ. ಎಡಕ್ಕೆ ಹರಿದದ್ದು ನೀರಲ್ಲ, ಮಾವಶಿಯ ಊಟ.

ಆಕೆಯನ್ನೂ ಡಬ್ಬಿಯನ್ನೂ ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿದೆ. ಕ್ಯಾಮೆರಾ ನೆಟ್ಟಗೆ ಮಾಡಿ, ಎರಡೂ ಚಿತ್ರ ಒಟ್ಟಿಗೇ ಕಟ್ಟಲು ಹಚ್ಚಿ ಹೊರಬಂದು ಸುತ್ತತೊಡಗಿದೆ.

"ಬಾಯಾರ, ನೀವು ಅಡ್ಡಾಡಿದ್ರ ನನಗ ಕಣ್ಣು ಕತ್ತಲಿ ಬರತತಿ. ಕುಂದರ್ರಿ, ರೊಟ್ಟಿ ತಿನ್ರಿ."

ಕೂತೆ. ಶೇಂಗಾ ಚಟ್ನಿ ಖಾರವಿತ್ತು; ಎರಡನೇ ರೊಟ್ಟಿಯನ್ನೂ ತಿಂದೆ. ಯಾವ ಊರಲ್ಲೂ ಅಷ್ಟು ಹೊತ್ತು ಕೂತ ನೆನಪಿಲ್ಲ.

ಅಷ್ಟರಲ್ಲಿ ಲ್ಯಾಬಿಗೆ ಬಂದಿದ್ದ ಮುಖ್ಯಸ್ಥರು ಬಾಗಿಲಿಗೆ ಓಡಿಬಂದರು. "ಸೊನ್ನೆ! ಸೊನ್ನೆ ಬಂತ್ರೀ!"

ಮಾವಶಿ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದಳು. "ನನ್ನ ಮೊಮ್ಮಗಗ ಸೊನ್ನಿ ಬಂದಾಗ ಇದ ಕಾಲೇಜಿನಾವ್ರು ಹಿಂಗ ಕುಣೀಲಿಲ್ಲಲ್ಲ?"

ನಾನು ಪೆನ್ನು ತರಲು ಎದ್ದೆ. ಮಾವಶಿ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

"ಕುಂದರ್ರಿ! ನೀವು ಕುಂತ ಮ್ಯಾಲ ನೀರು ನಿಂತಾವ. ಸಾಹೇಬ್ರ ಸಹಿ ಬೀಳೋತನಾ ಅಳ್ಳಾಡಬ್ಯಾಡ್ರಿ!"