ಇನ್ನೂ ಬಂದಿಲ್ಲದ ಕಾಲರಾ ಅವರಿಗೆ

ಅಜ್ಜಂಪುರ
ಜುಲೈ ೧೯೭೪

ಮಾನ್ಯ ಕಾಲರಾ ಅವರೇ,

ನಮ್ಮ ಸೀಮೆಯ ಬಾವಿ, ಕೆರೆ, ಹಳ್ಳಗಳ ಯೋಗಕ್ಷೇಮವನ್ನು ನಮಗಿಂತ ಚೆನ್ನಾಗಿ ಬಲ್ಲ ತಮಗೆ, ಬಿ.ಎ. ಪಾಸಾಗಿ ಮನೆಯಲ್ಲಿರುವ ಹುಡುಗಿಯೊಬ್ಬಳು ಕುದಿಸಿ ಆರಿಸಿದ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡುವ ವಿನಯಪೂರ್ವಕ ನಮಸ್ಕಾರಗಳು. ನಾವೆಲ್ಲ ಈವರೆಗೆ ಕ್ಷೇಮ. ತಮ್ಮ ಕ್ಷೇಮಕ್ಕೂ ಬರೆಯಿರಿ ಎನ್ನುವುದು ವಾಡಿಕೆಯಾದರೂ, ಆ ತೊಂದರೆ ತೆಗೆದುಕೊಳ್ಳಬೇಡಿ. ಖುದ್ದಾಗಿ ಬಂದು ತಿಳಿಸುವುದಂತೂ ಬೇಡವೇ ಬೇಡ.

ಇವತ್ತು ಬೆಳಿಗ್ಗೆ ನಮ್ಮ ಬಚ್ಚಲುಮನೆಯ ಹಂಡೆ ಬೆಸುಗೆ ಬಿಟ್ಟು ತೊಟ್ಟಿಕ್ಕುತ್ತಿತ್ತು. ಅಕ್ಕ ಹಲ್ಲುಜ್ಜುವುದನ್ನು ನಿಲ್ಲಿಸಿ, ಬ್ರಷ್ಷು ಬಾಯಲ್ಲಿರುವಂತೆಯೇ, ಎಡಗೈಯ ಗಡಿಯಾರವನ್ನೊಮ್ಮೆ ಆ ಹನಿಯನ್ನೊಮ್ಮೆ ನೋಡುತ್ತ ನಿಂತಿದ್ದಳು. ಒಂದು ನಿಮಿಷ ಕಳೆದ ಮೇಲೆ, “ಅರವತ್ತೆಂಟು. ಸಾಲದು” ಎಂದು ತನಗೆ ತಾನೇ ಹೇಳಿಕೊಂಡು, ಹಂಡೆಯ ಬಿರುಕನ್ನು ಬೆರಳಿನಿಂದ ಒತ್ತಿ, ಹನಿ ಜೋರಾಗುತ್ತದೆಯೇ ಎಂದು ಪರೀಕ್ಷಿಸಿದಳು. ಅಮ್ಮ ನೋಡಿ, “ಅಯ್ಯೋ ಪಂಕಜೀ, ಹಂಡೆಗೂ ಬಂತೇನೇ? ಅದ್ಕೂ ಸೂಜಿ ಚುಚ್ಬಿಡು” ಎಂದು ನಕ್ಕರು. ಅಕ್ಕ ನಗಲಿಲ್ಲ. ಈ ಪತ್ರವನ್ನು ಬರೆಯಲೇಬೇಕೆಂದು ನನಗೆ ಅನಿಸಿದ್ದು ಆಗ.

ಅಕ್ಕನ ಪರಿಚಯ ತಮಗೆ ಬೇಕಿಲ್ಲ, ಎರಡು ತಿಂಗಳಿಂದ ದಿನವೂ ಭೇಟಿಯಾಗುತ್ತಿದ್ದೀರಿ. ತಮ್ಮ ವಿಳಾಸ ತಿಳಿಯದೆ ಇದನ್ನು ಪತ್ರಿಕೆಗೆ ಕಳಿಸುತ್ತಿರುವುದರಿಂದ, ಅದರ ಓದುಗರಿಗಾಗಿ ಹೇಳುತ್ತೇನೆ: ಅವಳು ಪಂಕಜಾಕ್ಷಿ, ಇಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮಲ್ಲಿಕಾರ್ಜುನಯ್ಯನವರ ಹಿರಿಯ ಮಗಳು, ಎಂ.ಬಿ.ಬಿ.ಎಸ್. ಪಾಸಾಗಿ ಈಗ ಹೌಸ್ ಸರ್ಜನ್. ಎಂದರೆ ಡಾಕ್ಟರೂ ಹೌದು, ವಿದ್ಯಾರ್ಥಿನಿಯೂ ಹೌದು. ಒಂದು ವರ್ಷ ಕೈಪಳಗಿಸಿಕೊಂಡು, ಅದರಲ್ಲಿ ಮೂರು ತಿಂಗಳು ಹಳ್ಳಿಯಲ್ಲಿ ಕೆಲಸ ಮಾಡಿ ಬಂದರೆ ಮಾತ್ರ ಪೂರ್ತಿ ಡಾಕ್ಟರು. ಆ ಮೂರು ತಿಂಗಳಿಗಾಗಿ ಅವಳು ಇಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಆರೋಗ್ಯ ಘಟಕಕ್ಕೆ ದಿನವೂ ಹೋಗಿಬರುತ್ತಾಳೆ. ಊರಿನ ಹೆಸರು ಹೇಳುವುದಿಲ್ಲ. ತರೀಕೆರೆ ತಾಲ್ಲೂಕು ಅಲ್ಲಿಗೆ ಮುಗಿಯುತ್ತದೆ, ಘಟಕದ ಹಿಂದಿನ ಹಳ್ಳ ದಾಟಿದರೆ ಕಡೂರು ತಾಲ್ಲೂಕು, ಇಷ್ಟು ಸಾಕು.

ಇಲ್ಲಿ ನನಗೊಂದು ತೊಡಕಿದೆ. ದಾಖಲೆಯ ಪ್ರಕಾರ ತಾವು ಇನ್ನೂ ಬಂದಿಲ್ಲ. ಪ್ರಪಂಚ ಪರ್ಯಟನೆಯಲ್ಲಿ ಇದು ತಮ್ಮ ಏಳನೆಯ ಸವಾರಿ ಎಂದು ಅಕ್ಕನ ಪುಸ್ತಕದಲ್ಲಿ ಅಚ್ಚಾಗಿದೆ. ಆದರೆ ಸಮುದ್ರಗಳನ್ನೇ ದಾಟಿದ ತಮಗೆ ನಮ್ಮ ಘಟಕದ ರಿಜಿಸ್ಟರನ್ನು ದಾಟಲಾಗಲಿಲ್ಲ. ಮೊದಲ ವಾರ ಅಕ್ಕ ತಿಳಿಯದೆ ತಮ್ಮ ಹೆಸರನ್ನು ಶಾಯಿಯಲ್ಲಿ ಬರೆದುಬಿಟ್ಟಿದ್ದಳು. ಘಟಕದ ದೊಡ್ಡ ಡಾಕ್ಟರು ಕೆಟ್ಟವರೇನಲ್ಲ, ಎರಡು ತಿಂಗಳಿಂದ ರಜೆಯಿಲ್ಲದೆ ದುಡಿಯುತ್ತಿದ್ದಾರೆ, ಪಿಂಚಣಿಗೆ ಒಂದೂವರೆ ವರ್ಷ ಉಳಿದಿದೆ. ಅವರು ಷೇವಿಂಗ್ ಬ್ಲೇಡು ತಂದು, ಆ ಹೆಸರನ್ನು ಬಹಳ ನಾಜೂಕಾಗಿ ಕೆರೆದು, ಆ ಜಾಗದಲ್ಲಿ “ಅಜೀರ್ಣ, ಮಾವಿನಹಣ್ಣು” ಎಂದು ಬರೆದರಂತೆ. “ಆ ಹೆಸ್ರು ಬರೆಯೋ ಅಧಿಕಾರ ನಮಗಿಲ್ಲಮ್ಮ, ಮೇಲಿನೋರು ಬರೀಬೇಕು” ಎಂದರಂತೆ. ಮೇಲಿನವರು ಕೆಳಗಿನಿಂದ ವರದಿ ಬಂದರೆ ಬರೆಯುತ್ತಾರೆ. ಹೀಗಾಗಿ ಈ ಸಲ ನಮ್ಮ ಕಡೆ ಅಪರಾಧವನ್ನೆಲ್ಲ ಮಾವಿನಹಣ್ಣು ತಲೆಯ ಮೇಲೆ ಹೊತ್ತುಕೊಂಡಿದೆ. ಹಲ್ಲು ಮೂಡದ ಕೂಸು ಕೂಡ ಮಾವಿನಹಣ್ಣು ತಿಂದು ಮಲಗಿದೆ. ತಮ್ಮಷ್ಟು ದೊಡ್ಡವರ ಸಾಧನೆಯನ್ನು ಒಂದು ಹಣ್ಣು ಕಸಿದುಕೊಳ್ಳುವುದನ್ನು ನೋಡಿಯೂ ತಾವು ಮೌನವಾಗಿರುವುದು ತಮ್ಮ ವಿನಯಕ್ಕೆ ಸಾಕ್ಷಿ.

ನಮ್ಮ ಹಳ್ಳಿಗಳಲ್ಲಿ ತಮ್ಮನ್ನು ಬೀಳ್ಕೊಡುವ ಪದ್ಧತಿಯೊಂದಿದೆ, ತಮಗೆ ತಿಳಿದದ್ದೇ. ಮೊರದಲ್ಲಿ ಬೇವಿನಸೊಪ್ಪು, ಬಳೆ, ಅರಿಸಿನ, ಮೊಸರನ್ನ ಇಟ್ಟು, ಊರಿನ ಗಡಿ ದಾಟಿಸಿ, ಹಿಂದಿರುಗಿ ನೋಡದೆ ಬರುತ್ತಾರೆ. ಪಕ್ಕದ ಊರಿನವರು ಬೆಳಿಗ್ಗೆ ಆ ಮೊರವನ್ನು ಕಂಡು, ಬೈದುಕೊಂಡು, ಹೊಸ ಬಳೆ ಸೇರಿಸಿ ಅದರಾಚೆಯ ಊರಿಗೆ ಸಾಗಿಸುತ್ತಾರೆ. ಇದು ಮೌಢ್ಯವೆಂದು ನಾನು ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದೆ. ಆ ಬಹುಮಾನವನ್ನು ಹಿಂದಿರುಗಿಸಬೇಕೆಂದಿದ್ದೇನೆ. ಹಿರೇನಲ್ಲೂರಿನ ಕಡೆಯಿಂದ ಗಾಡಿಯಲ್ಲಿ ಬಂದ ರೋಗಿಗಳು ಕಡೂರು ತಾಲ್ಲೂಕಿನವರಾದ್ದರಿಂದ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಲ್ಲಿಂದ ಕಾಗದ ಹೋಯಿತು. ಅವರು ಮಲಗಿರುವುದು ತರೀಕೆರೆ ತಾಲ್ಲೂಕಿನಲ್ಲಾದ್ದರಿಂದ ನಮ್ಮವರಲ್ಲ ಎಂದು ಅಲ್ಲಿಂದ ಕಾಗದ ಬಂತು. ಮೊರದಲ್ಲಾದರೂ ಮೊಸರನ್ನವಿರುತ್ತಿತ್ತು.

ಈಗ ದೂರಿಗೆ ಬರುತ್ತೇನೆ. ಅಕ್ಕನ ಬಳಿ ನೀಲಿ ರಟ್ಟಿನ ಒಂದು ಲಾಗ್ ಬುಕ್ ಇದೆ. ಎಷ್ಟು ಹೆರಿಗೆ ಮಾಡಿಸಿದಳು, ಎಷ್ಟು ಮುರಿದ ಕೈಕಾಲಿಗೆ ಪಟ್ಟಿ ಹಾಕಿದಳು, ಎಷ್ಟು ಗಾಯ ಹೊಲಿದಳು ಎಂದು ಅದರಲ್ಲಿ ತುಂಬಿಸಿ, ದೊಡ್ಡ ಡಾಕ್ಟರ ಸಹಿ ಹಾಕಿಸಿ ಕಾಲೇಜಿಗೆ ಒಪ್ಪಿಸಬೇಕು. ತಾವಿರುವ ಕಡೆ ಯಾವ ಬಸುರಿ ಬರುತ್ತಾಳೆ? ಕೈ ಮುರಿದವರು ಕೂಡ ಘಟಕದ ಹೆಸರು ಹೇಳಿದರೆ “ಕೈ ಒಂದೇ ಮುರ್ದೈತೆ, ಇರ್ಲಿ ಬಿಡ್ರಿ” ಎನ್ನುತ್ತಾರಂತೆ. ಆದ್ದರಿಂದ ಹೆರಿಗೆಯ ಪುಟ ಖಾಲಿ, ಮೂಳೆಯ ಪುಟ ಖಾಲಿ. ಅವಳು ಹಗಲೆಲ್ಲ ಮಾಡುತ್ತಿರುವುದು ತಮ್ಮ ರೋಗಿಗಳ ಉಪಚಾರವೊಂದನ್ನೇ. ತಾವು ಬಂದಿಲ್ಲವಾದ್ದರಿಂದ ಆ ಪುಟವೂ ಖಾಲಿ. ಮುನ್ನೂರಕ್ಕೂ ಮೇಲ್ಪಟ್ಟ ಜನರ ಬತ್ತಿದ ರಕ್ತನಾಳಗಳನ್ನು ಕಣ್ಣುಮುಚ್ಚಿ ಬೆರಳಿನಲ್ಲೇ ಹುಡುಕಿ, ನಿಮಿಷಕ್ಕಿಷ್ಟು ಹನಿ ಎಂದು ಗಡಿಯಾರ ನೋಡಿ ಎಣಿಸುತ್ತ ಸಲೈನ್ ಏರಿಸಿದ ಹುಡುಗಿ, ಕಾಗದದ ಮೇಲೆ ಎರಡು ತಿಂಗಳು ಸುಮ್ಮನೆ ಕೂತಿದ್ದಾಳೆ. ಕಾಲೇಜಿನಿಂದ ಕಳೆದ ವಾರ ಕಾಗದ ಬಂದಿದೆ: ಅನುಭವ ತೃಪ್ತಿಕರವಾಗಿಲ್ಲ, ತರಬೇತಿಯನ್ನು ಇನ್ನೂ ಆರು ತಿಂಗಳು ಮುಂದುವರಿಸತಕ್ಕದ್ದು.

ಅಷ್ಟಕ್ಕೇ ಆಗಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಘಟಕದಲ್ಲಿ ಉಳಿದದ್ದು ಒಂದೇ ಬಾಟ್ಲಿ ಸಲೈನ್, ತರೀಕೆರೆಗೆ ಹೋದ ಜೀಪು ಬಂದಿರಲಿಲ್ಲ. ಒಂದು ಬೆಂಚಿನ ಮೇಲೆ ಎಂಟು ತಿಂಗಳ ಬಸುರಿ ಕರಿಯಮ್ಮ, ಇನ್ನೊಂದರ ಮೇಲೆ ಸಿದ್ದಪ್ಪ ಎಂಬವನ ಹೆಂಡತಿ ಹುಚ್ಚಮ್ಮ. ಯಾರಿಗೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ದೊಡ್ಡ ಡಾಕ್ಟರು ಇನ್ನೊಂದು ಹಳ್ಳಿಗೆ ಹೋಗಿದ್ದರು. ಅಕ್ಕ ಕರಿಯಮ್ಮನಿಗೆ ಏರಿಸಿದಳು. ಕರಿಯಮ್ಮ ಬದುಕಿ, ಹೆರಿಗೆಯನ್ನು ಮಾತ್ರ ಮನೆಯಲ್ಲೇ ಅತ್ತೆಯ ಕೈಯಲ್ಲಿ ಮಾಡಿಸಿಕೊಂಡು, ಅಕ್ಕನಿಗೆ ಕೊಬ್ಬರಿ ಬೆಲ್ಲ ಕಳಿಸಿದಳು. ಆ ಹೆರಿಗೆಯೂ ಲಾಗ್ ಬುಕ್ಕಿಗೆ ಬರಲಿಲ್ಲ. ಹುಚ್ಚಮ್ಮ ಜೀಪು ಬರುವ ಮೊದಲೇ ಹೋದಳು. ಗಾಡಿಗೆ ಎತ್ತಿದ ಮೇಲೆ ಸಿದ್ದಪ್ಪ ಹಿಂದಿರುಗಿ ಬಂದು, ಕೈಗೆ ಕೊಟ್ಟ ಸಾವಿನ ಚೀಟಿಯಲ್ಲಿ ಏನಂತ ಬರೆದಿದೆ ಎಂದು ಕೇಳಿದನಂತೆ. ಅಕ್ಕ ಓದಿ ಹೇಳಿದಳು. ಅವನು “ಅವ್ಳು ಮಾವಿನಣ್ಣೇ ತಿಂತಿರ್ಲಿಲ್ಲ ಕಣವ್ವಾ. ಮೈಯೆಲ್ಲ ಕೆರೆತ ಬತ್ತಿತ್ತು” ಎಂದು ಹೇಳಿ ಹೋದ.

ಮಾನ್ಯರೇ, ಅಂದಿನಿಂದ ನಮ್ಮ ಮನೆಯಲ್ಲಿ ಮಾವಿನಹಣ್ಣು ಕೊಯ್ಯುವಂತಿಲ್ಲ. ಅಕ್ಕ ಎದ್ದು ಹೋಗುತ್ತಾಳೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈ ತೊಳೆದು ತೊಳೆದು ಅವಳ ಬೆರಳ ತುದಿ ಸುಲಿದಿದೆ, ರೊಟ್ಟಿ ಮುರಿಯುವಾಗ ಹಲ್ಲು ಕಚ್ಚುತ್ತಾಳೆ. ಮೊದಲು ಅವಳ ಬಾಯಿಗೆ ಅಪ್ಪನ ಅಂಗಡಿಯ ಗುಮಾಸ್ತರೂ ಹೆದರುತ್ತಿದ್ದರು. ಮೆಣಸಿನಕಾಯಿಗಿಂತ ಮಗಳೇ ಖಾರ ಎಂಬ ಮಾತು ಮಂಡಿಯಲ್ಲೆಲ್ಲ ಇತ್ತು. ಈಗ ನೆಂಟರು “ಡಾಕ್ಟ್ರಮ್ಮನಿಗೆ ದೊಡ್ಡಸ್ತಿಕೆ ಬಂದ್ಬಿಡ್ತು, ಮಾತೇ ಆಡಲ್ಲ” ಎನ್ನುತ್ತಾರೆ. ಕೈಗೆ ಮುಲಾಮು ಇದೆ. ಇದಕ್ಕೇನು ಮದ್ದು ಎಂದು ಅವಳ ಪುಸ್ತಕಗಳ ಕೊನೆಯ ಸೂಚಿಯನ್ನೆಲ್ಲ ಹುಡುಕಿದೆ. ಡಾಕ್ಟರಿಗೆ ಬರುವ ಕಾಯಿಲೆಗಳ ಅಧ್ಯಾಯವೇ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆ. ಮುಂದಿನ ಸಲ ದಯಮಾಡಿಸುವಾಗ ಮೊದಲು ತಾಲ್ಲೂಕು ಕಚೇರಿಗೆ ಹೋಗಿ, ಬಂದಿದ್ದೇನೆಂದು ಅರ್ಜಿ ಕೊಟ್ಟು, ಮೊಹರು ಹಾಕಿಸಿಕೊಂಡು, ಆಮೇಲೆ ಬಾವಿಗೆ ಇಳಿಯಬೇಕು. ಹತ್ತರಿಂದ ಒಂದು ಗಂಟೆಯವರೆಗೆ ಬಿಡುವು ಕೊಟ್ಟು, ಅಷ್ಟರಲ್ಲಿ ಹತ್ತಾರು ಬಸುರಿಯರು ಧೈರ್ಯವಾಗಿ ಬಂದು ಹೆತ್ತು ಹೋಗುವಂತೆ ನೋಡಿಕೊಳ್ಳಬೇಕು. ಇಬ್ಬರನ್ನು ಒಟ್ಟಿಗೆ ಕಳಿಸುವುದಾದರೆ ಎರಡು ಬಾಟ್ಲಿಯನ್ನೂ ಜೊತೆಗೇ ಕಳಿಸಬೇಕು. ಇದು ತಮ್ಮಿಂದ ಆಗದಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಆಗುವವರು ಬೇರೆ ಯಾರಾದರೂ ಇದ್ದರೆ ಅವರ ವಿಳಾಸವನ್ನಾದರೂ ಕೊಡಿ.

ಇವತ್ತು ಹಂಡೆಯ ಹನಿ ಎಣಿಸಿದ ಮೇಲೆ ಅಕ್ಕ ಬಸ್ಸಿಗೆ ಹೊರಡುವಾಗ ನನ್ನ ಕೈಗೆ ಒಂದು ಲಕೋಟೆ ಕೊಟ್ಟು, “ಇದನ್ನ ಪೋಸ್ಟಿಗೆ ಹಾಕ್ಬಿಡೇ, ಮರೀಬೇಡ” ಎಂದಳು. ಕಾಲೇಜಿನ ವಿಳಾಸ. ಒಳಗೇನಿದೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: “ನಂಗಿದು ಬೇಡ ಕಣೇ. ನಾನು ಡಾಕ್ಟ್ರು ಅಲ್ಲ.” ಆರು ವರ್ಷ ಓದಿದ್ದನ್ನು ಅವಳು ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿದ್ದಾಳೆ.

ನಾನು ಬಸ್ಸಿನಲ್ಲಿ ಕಂಡಕ್ಟರನ್ನು ಕರೆದು ಚಿಲ್ಲರೆ ಕೇಳಲೂ ನಾಚುವವಳು. ಆದರೂ ಒಂದು ನಿರ್ಧಾರ ಮಾಡಿದ್ದೇನೆ, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನನ್ನ ಬಳಿ ಖಾಲಿ ಉಳಿದ ಇನ್ನೂರು ಪುಟದ ನೋಟ್ ಬುಕ್ ಇದೆ. ನಾಳೆ ಬೆಳಗಿನ ಬಸ್ಸಿನಿಂದ ಶುರುಮಾಡಿ, ಅಕ್ಕ ಸೂಜಿ ಹಾಕಿದವರ ಮನೆಗಳಿಗೆ ಒಂದೊಂದಾಗಿ ಹೋಗಿ, ಹೆಸರು, ಊರು, ದಿನ, ಏನು ಬಂದಿತ್ತು, ಅವಳು ಏನು ಮಾಡಿದಳು ಎಂದು ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತೇನೆ. ಹಳ್ಳದ ಈಚೆಯವರು, ಆಚೆಯವರು ಎಂದು ನೋಡುವುದಿಲ್ಲ. ಕಾಲೇಜು ಅದನ್ನು ಒಪ್ಪದೆ ಇರಬಹುದು. ಅಕ್ಕ ಓದಿದರೆ ಸಾಕು. ಓದಿದ ಮೇಲೆ ಲಕೋಟೆಯನ್ನು ಅವಳ ಕೈಗೇ ವಾಪಸು ಕೊಡುತ್ತೇನೆ. ಹಾಕುವುದಾದರೆ ಅವಳೇ ಹಾಕಲಿ. ನಮ್ಮ ಕಡೆ ಟಪಾಲು ಎರಡು ಮೂರು ವಾರ ತಡವಾದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಮೊದಲು ಹೋಗುವುದು ಸಿದ್ದಪ್ಪನ ಮನೆಗೆ. ಅವನು ಬಾಗಿಲಲ್ಲೇ ಬೈದು ಕಳಿಸಬಹುದು, ಅದಕ್ಕೂ ತಯಾರಾಗಿದ್ದೇನೆ. ಕೂರಿಸಿ ಮಾತಾಡಿಸಿದರೆ, ಅವನ ಹೆಂಡತಿಯ ಹೆಸರಿನ ಮುಂದೆ ತಮ್ಮ ಹೆಸರನ್ನು ಶಾಯಿಯಲ್ಲಿ, ಪೂರ್ತಿಯಾಗಿ ಬರೆದು, ಅವನಿಗೆ ಓದಿ ಹೇಳುತ್ತೇನೆ.

ಹತ್ತಿರ ಬಾರದಿರುವಷ್ಟು ದಿನವೂ ತಮ್ಮ ವಿಶ್ವಾಸಿ,

ಎಂ. ಗುರುಶಾಂತಮ್ಮ, ಬಿ.ಎ.

ವಿ.ಸೂ.: ತಾವು ಬಂದಿಲ್ಲವೆಂಬುದನ್ನು ಖಾತ್ರಿಪಡಿಸಿಕೊಳ್ಳಲು ಮೊನ್ನೆ ಮೇಲಿನಿಂದ ಮೂವರು ಸಾಹೇಬರು ಘಟಕಕ್ಕೆ ಬಂದಿದ್ದರು. ಜೀಪಿನಲ್ಲಿ ಕುದಿಸಿದ ನೀರಿನ ಕೂಜಾ ತಂದಿದ್ದರು, ಅಲ್ಲಿ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ಹೊರಡುವ ಮುನ್ನ ಊರಿನವರು ಕಳಿಸಿದ ಒಂದು ಬುಟ್ಟಿ ಮಾವಿನಹಣ್ಣನ್ನು ಮಾತ್ರ ಸಂತೋಷದಿಂದ ಜೀಪಿಗೆ ಹಾಕಿಸಿಕೊಂಡರು.